ದಾರಿ ಬಿಟ್ಟವರ ಕೊಂಬು

ನಾನೊಂದು ಕೊಂಬು. ಎತ್ತಿನ ಎಡಗಡೆಯ ಕೊಂಬು. ಬಲಗಡೆಯದು ಏನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಯಾರೂ ಹೇಳಲಿಲ್ಲ. ನನ್ನ ಅನುಮಾನದ ಬುದ್ಧಿ ಅಲ್ಲಿಂದಲೇ ಶುರುವಾಯಿತು ಅಂದುಕೊಳ್ಳಿ.

ನಾನು ಬೆಳೆದದ್ದು ಬೂದುಬಣ್ಣದ ಕಡಲಿನ ದಂಡೆಯ ಮೇಲೆ. ಊರು ಅಂದರೆ ಏನು, ಮಣ್ಣು ಗೊಬ್ಬರ ಹೇರಿ ಹೇರಿ ಎತ್ತರ ಮಾಡಿದ ಒಂದು ದಿಬ್ಬ, ಅದರ ಮೇಲೆ ಹತ್ತು ಹುಲ್ಲಿನ ಮನೆಗಳು. ದಿನಕ್ಕೆರಡು ಸಲ ಕಡಲು ದಿಬ್ಬದ ಬುಡದವರೆಗೂ ಬಂದು ಹೋಗುತ್ತಿತ್ತು, ಮನೆಯೊಳಗೆ ಏನು ಬೇಯುತ್ತಿದೆ ಎಂದು ಇಣುಕುವ ನೆರೆಮನೆಯವಳ ಹಾಗೆ. ನಮ್ಮ ಯಜಮಾನ ಬೊಟಾ. ಅವನ ಹೆಂಡತಿ ಲಿಯೋಬಾ. ಅವರ ಜನರಿಗೆ ಆಂಗ್ಲರು ಎಂದು ಹೆಸರು.

ಚಳಿಗಾಲಕ್ಕೆ ಮೊದಲು, ಮೇವು ಸಾಲದ ದನಗಳನ್ನು ಕಡಿಯುವ ತಿಂಗಳೊಂದಿತ್ತು. ಬೆಳಿಗ್ಗೆ ನಮಗೆ ಹುಲ್ಲು ಹಾಕಿ, ಕೊರಳು ಸವರಿದ ಕೈಯೇ ಮಧ್ಯಾಹ್ನ ಕತ್ತಿ ಹಿಡಿದುಕೊಂಡು ಬಂತು. ಆಮೇಲೆ ನನ್ನನ್ನು ಕುದಿಯುವ ನೀರಿಗೆ ಹಾಕಿದರು. ಒಳಗಿದ್ದ ಮೂಳೆ ಕಳಚಿ ಬಿತ್ತು, ನಾನು ಟೊಳ್ಳಾದೆ. ಬೊಟಾ ನನ್ನ ತುದಿ ಕೊಯ್ದ, ಕಾದ ಕಬ್ಬಿಣದಿಂದ ತೂತು ಕೊರೆದ. ಲಿಯೋಬಾ ಬೂದಿ ಮತ್ತು ಕೊಬ್ಬು ಹಚ್ಚಿ ಉಜ್ಜಿ ಉಜ್ಜಿ ಹೊಳಪು ಬರಿಸಿದಳು. ಬೊಟಾ ಮೊದಲ ಸಲ ಊದಿದಾಗ ಅವನ ಉಸಿರು ನನ್ನೊಳಗೆ ಸುತ್ತಿಕೊಂಡು ಹೋಗಿ, ಆಚೆ ಕಡೆಯಿಂದ ಯಾರದೋ ಅಳುವಿನ ಹಾಗೆ ಹೊರಬಂತು. ಅದು ಅವನ ದನಿಯೋ ನನ್ನ ದನಿಯೋ, ಇಲ್ಲ ಸತ್ತ ಎತ್ತಿನದೋ? ನನಗೆ ತಿಳಿಯಲಿಲ್ಲ.

ಒಂದು ವರ್ಷ ಕಡಲು ಬುಡ ಮುಟ್ಟಿ ಹಿಂದೆ ಹೋಗಲಿಲ್ಲ. ಕಾಳಿನ ಗುಂಡಿಗೆ ಉಪ್ಪುನೀರು ಇಳಿಯಿತು. ಆ ಬೇಸಿಗೆಯಲ್ಲಿ ಮೂರು ದೋಣಿ ಸಿದ್ಧವಾದವು. ಹೆಂಗಸರು, ಮಕ್ಕಳು, ಮಗ್ಗದ ನೂಲಿಗೆ ಕಟ್ಟುವ ಮಣ್ಣಿನ ಗುಂಡುಗಳು, ಒಂದು ಹಸು, ಬೀಜದ ಬಾರ್ಲಿ, ಜೊತೆಗೆ ನಾನು. ಪಕ್ಕದ ದಂಡೆಯ ಸ್ಯಾಕ್ಸನ್ ಎಂಬ ಜನ ಆಗಲೇ ಕಡಲು ದಾಟಿದ್ದಾರೆ, ಅಲ್ಲಿ ನೆಲ ಎತ್ತರವಾಗಿದೆಯಂತೆ ಎಂಬ ಮಾತಿತ್ತು. ಅಂತೆ ಎಂಬ ಒಂದು ಮಾತಿನ ಮೇಲೆ ಊರಿಗೆ ಊರೇ ದೋಣಿ ಹತ್ತಿತು.

ನಡುಗಡಲಲ್ಲಿ ಮಂಜು ಕವಿಯಿತು. ದೋಣಿಗಳು ಒಂದನ್ನೊಂದು ಕಳೆದುಕೊಳ್ಳಬಾರದೆಂದು ಬೊಟಾ ನನ್ನನ್ನು ಊದುತ್ತಿದ್ದ, ಬಲಗಡೆಯಿಂದ ಒಂದು ಕೊಂಬು ಉತ್ತರ ಕೊಡುತ್ತಿತ್ತು, ಎಡಗಡೆಯಿಂದ ಒಂದು. ಆಮೇಲೆ ಎಡಗಡೆಯದು ಉತ್ತರ ಕೊಡಲಿಲ್ಲ. ನಮ್ಮ ದೋಣಿಯಲ್ಲಿದ್ದ ಗ್ರಿಂ ಎಂಬುವನು ಎದ್ದು ನಿಂತು, "ಮಾವ, ಇನ್ನೊಂದು ಸಲ ಊದು. ನನ್ನ ತಮ್ಮ ಅದರಲ್ಲಿದ್ದಾನೆ" ಎಂದ. ಬೊಟಾ ತುಟಿ ಒಡೆದು ರಕ್ತ ಬರುವವರೆಗೂ ಊದಿದ. ಅವತ್ತಿನಿಂದ ಗ್ರಿಂ ತನ್ನ ಕಿವಿಯ ತುದಿ ಎಳೆದುಕೊಳ್ಳುವುದನ್ನು ಕಲಿತ. ಯಾವಾಗಲೂ ಏನನ್ನೋ ಆಲಿಸುವವನ ಹಾಗೆ.

ನಾವು ಇಳಿದ ನೆಲಕ್ಕೆ ಆಗ ಇಂಗ್ಲೆಂಡ್ ಎಂಬ ಹೆಸರಿರಲಿಲ್ಲ. ಆ ಹೆಸರು ಬಂದದ್ದೇ ನಮ್ಮವರಿಂದ, ಬಹಳ ಕಾಲದ ಮೇಲೆ. ಹೊಳೆಯ ಬಾಯಿಯಲ್ಲಿ ದೋಣಿ ಎಳೆದು ಹಾಕಿ ಬೊಟಾ ನನ್ನನ್ನು ಜೋರಾಗಿ ಊದಿದ. ಆ ಹೊತ್ತಿಗೇ ಹೊಳೆಯಾಚೆ ಹೊಗೆ ಎದ್ದಿತು. ನಮಗಿಂತ ಮೊದಲು ಬಂದವರು ಯಾರೋ ಅಲ್ಲಿಯ ಹಟ್ಟಿಯೊಂದಕ್ಕೆ ಬೆಂಕಿ ಇಟ್ಟಿದ್ದರು. "ನಮಗೂ ಅದಕ್ಕೂ ಸಂಬಂಧ ಇಲ್ಲ" ಎಂದ ಬೊಟಾ. ಯಾರೂ ಕೇಳದೇ ಇದ್ದಾಗ ಅವನು ಯಾಕೆ ಹಾಗೆ ಹೇಳಿದ? ನಾನು ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡೆ.

ಅಲ್ಲಿ ಮೊದಲಿನಿಂದ ಇದ್ದವರು ಬ್ರಿಟನ್ನರು. ಕೆಲವರು ಪಡುವಣ ಬೆಟ್ಟಗಳ ಕಡೆ ಹೋಗಿದ್ದರು, ಕೆಲವರು ಕಾಡಿನಲ್ಲಿ ಅಡಗಿದ್ದರು. ನಮ್ಮವರು ಅವರನ್ನು ಕರೆದ ಹೆಸರಿನ ಅರ್ಥ, ಹೊರಗಿನವರು ಎಂದು. ದೋಣಿಯ ಉಪ್ಪು ಇನ್ನೂ ಕಾಲಿನಿಂದ ತೊಳೆದುಹೋಗಿರಲಿಲ್ಲ, ಆಗಲೇ ಆ ನೆಲದಲ್ಲಿ ಹುಟ್ಟಿದವರು ಹೊರಗಿನವರಾಗಿದ್ದರು. ನಾನು ಟೊಳ್ಳು, ನನಗೆ ಬುದ್ಧಿ ಕಮ್ಮಿ ಇರಬಹುದು. ಆದರೂ ಇದು ನನಗೆ ಸರಿಕಾಣಲಿಲ್ಲ.

ಊರು ಕಟ್ಟಿದ ಮೇಲೆ ಒಂದು ಕಟ್ಟಳೆ ಬಂತು. ದಾರಿ ಬಿಟ್ಟು ಕಾಡಿಗೆ ಇಳಿದವನು ಕೂಗಬೇಕು, ಇಲ್ಲವೇ ಕೊಂಬು ಊದಬೇಕು. ಎರಡೂ ಮಾಡದೆ ಸುಮ್ಮನೆ ಹೋದವನು ಕಳ್ಳ. ಅವನನ್ನು ಕೊಂದರೂ ಕೇಳುವವರಿಲ್ಲ. ನೋಡಿ, ಒಳ್ಳೆಯವನು ಸದ್ದು ಮಾಡುತ್ತಾನೆ, ಕೆಟ್ಟವನು ಮಾಡುವುದಿಲ್ಲ ಎಂದು ಅವರ ನಂಬಿಕೆ. ಮನೆಮನೆಯ ಬಾಗಿಲಲ್ಲೂ ಒಂದೊಂದು ಕೊಂಬು ನೇತಾಡಿತು. ನಾವು ಕೊಂಬುಗಳು ಬದುಕಿದ್ದೇ ಒಬ್ಬರ ಮೇಲೊಬ್ಬರಿಗಿದ್ದ ಅನುಮಾನದಿಂದ.

ಮೊದಲ ಎರಡು ವರ್ಷ ಬೆಳೆ ಹಾಳಾಯಿತು. ಹಳೆಯ ನೆಲದಲ್ಲಿ ಬಿತ್ತುತ್ತಿದ್ದ ಹೊತ್ತಿಗೇ ಇಲ್ಲಿಯೂ ಬಿತ್ತಿದ್ದರು, ಬೀಜ ನೀರಲ್ಲಿ ಕೊಳೆತಿತ್ತು. ಮೂರನೇ ವರ್ಷ ಗಡ್ಡದವನೊಬ್ಬ ಹೊಲದ ಅಂಚಿಗೆ ಬಂದು ನಿಂತ. ಬರಿಗೈ ಎತ್ತಿ ತೋರಿಸಿದ. ಮಣ್ಣು ಹಿಡಿದು ಹಿಂಡಿದ, ನೀರು ಸೋರಿತು, ತಲೆಯಾಡಿಸಿದ. ಕಾಲುವೆ ತೋಡಬೇಕಾದ ಜಾಗವನ್ನು ಕೋಲಿನಿಂದ ಗೀರಿದ. ಅವನು ಬ್ರಿಯೋಕ್, ಬ್ರಿಟನ್ನ. ಆ ವರ್ಷ ಬಾರ್ಲಿ ಸೊಂಟದವರೆಗೆ ಬಂತು. ಬೊಟಾನ ಮಗಳು ಟೆಟ್ಟಾ ಅವನಿಗೆ ಹೊಲಕ್ಕೆ ಮಜ್ಜಿಗೆ ಕೊಡಲು ಹೋಗಿ ಹೋಗಿ, ಕೊನೆಗೆ ಅವನನ್ನು ಮದುವೆಯಾದಳು.

ಲಿಯೋಬಾಗೆ ಅಳಿಯ ಹಿಡಿಸಲಿಲ್ಲ. "ನಗುವಾಗ ಹಲ್ಲು ಕಾಣಿಸಲ್ಲ ಅವನಿಗೆ. ಅಂಥವರು ಏನೋ ಬಚ್ಚಿಟ್ಟಿರ್ತಾರೆ" ಎನ್ನುತ್ತಿದ್ದಳು. ಬ್ರಿಯೋಕ್ ಟೆಟ್ಟಾಗೆ ತನ್ನ ಮಾತಿನ ಒಂದೆರಡು ಪದ ಕಲಿಸಿದರೆ, "ನನ್ನ ಒಲೆ ಮುಂದೆ ಆ ಮಾತು ಬೇಡ" ಎಂದು ಸೌಟು ಎತ್ತುತ್ತಿದ್ದಳು.

ಬೊಟಾ ಸಾಯುವ ಮುಂಚೆ ನನ್ನನ್ನು ಅಳಿಯನ ಕೊರಳಿಗೆ ತಾನೇ ಹಾಕಿದ. "ಇದು ನಿನ್ನ ಮೈಮೇಲಿರಲಿ ಕಣಪ್ಪ. ಇದಿಲ್ಲದೆ ಕಾಡಿಗೆ ಕಾಲಿಟ್ಟರೆ ನಮ್ಮವರು ನಿನ್ನನ್ನ ಬಿಡಲ್ಲ" ಎಂದ.

ಬ್ರಿಯೋಕನ ಉಸಿರು ಬೇರೆ ಥರ. ಬೊಟಾನದು ಮೀನು ಮತ್ತು ಈರುಳ್ಳಿ ವಾಸನೆ, ಇವನದು ಎಲೆಯ ವಾಸನೆ. ನಾನು ಇವನನ್ನು ನಂಬಬೇಕೋ ಬೇಡವೋ ಎಂದು ನೋಡುತ್ತಿದ್ದೆ. ನಂಬುವುದು ಕಷ್ಟವಿತ್ತು. ಅವನು ದಾರಿಯ ಮೇಲೆ ಹೋಗುತ್ತ ಹೋಗುತ್ತ ಒಂದು ಕರಿಬಂಡೆಯ ಹತ್ತಿರ ನಿಲ್ಲುತ್ತಿದ್ದ. ಸುತ್ತ ನೋಡುತ್ತಿದ್ದ. ನನ್ನ ಬಾಯಿಗೆ ಹುಲ್ಲು ತುರುಕಿ, ಅಂಗಿಯೊಳಗೆ ಒತ್ತಿ ಹಿಡಿದು, ದಾರಿ ಬಿಟ್ಟು ಇಳಿಯುತ್ತಿದ್ದ. ಊದುತ್ತಿರಲಿಲ್ಲ. ಕೂಗುತ್ತಿರಲಿಲ್ಲ. ಕತ್ತಲಲ್ಲಿ ನನಗೆ ಕೇಳುತ್ತಿದ್ದದ್ದು ಅವನ ಎದೆಬಡಿತ, ಮತ್ತೆ ಯಾರೋ ಮೆಲ್ಲಗೆ ಅಗಿಯುವ ಸದ್ದು. ಮಾತು ನನಗೆ ಅರ್ಥವಾಗದ ಮಾತು. ಯಾರಿಗೆ ತಿನ್ನಿಸುತ್ತಿದ್ದಾನೆ ಇವನು? ಅಡಗಿರುವ ಶತ್ರುಗಳಿಗಾ?

ಇತ್ತ ಲಿಯೋಬಾ ಬುಟ್ಟಿಯ ರೊಟ್ಟಿ ಕಡಿಮೆಯಾಗುವುದನ್ನು ಗಮನಿಸಿದ್ದಳು. ಅತ್ತ ಗ್ರಿಮನ ಹಟ್ಟಿಯಿಂದ ಎರಡು ಕುರಿ ಕಾಣೆಯಾದವು. ಬೊಟಾ ಹೋದ ಮೇಲೆ ಗ್ರಿಮನೇ ಊರಿಗೆ ಹಿರಿಯ.

ಒಂದು ಮಧ್ಯಾಹ್ನ ಬ್ರಿಯೋಕ್ ಕಾಡಿನಿಂದ ದಾರಿಗೆ ಹತ್ತುತ್ತಿದ್ದ ಹಾಗೇ ಗ್ರಿಂ ಮರದ ಹಿಂದಿನಿಂದ ಬಂದು ಈಟಿ ಅಡ್ಡ ಹಿಡಿದ. ನನ್ನ ಬಾಯಿಯಲ್ಲಿದ್ದ ಹುಲ್ಲನ್ನು ಬೆರಳು ಹಾಕಿ ಹೊರಗೆಳೆದ. ಆ ಹುಲ್ಲನ್ನು ಮೂಸಿ ನೋಡಿದ, ಅಷ್ಟೆ.

ಮಾರನೆಯ ಬೆಳಿಗ್ಗೆ ಓಕ್ ಮರದ ಕೆಳಗೆ ಊರ ಕೂಟ ಸೇರಿತು. ಬ್ರಿಯೋಕನ ಕೈ ಕಟ್ಟಿದ್ದರು. ನನ್ನನ್ನು ನಡುವೆ ಒಂದು ಕಲ್ಲಿನ ಮೇಲೆ ಇಟ್ಟರು, ಹುಲ್ಲನ್ನು ನನ್ನ ಪಕ್ಕ. ನಮ್ಮ ಜನರ ಪದ್ಧತಿ ಹೀಗೆ: ತಪ್ಪು ಹೊತ್ತವನ ಪರವಾಗಿ ಹನ್ನೆರಡು ಜನ ಬಂದು ಪ್ರಮಾಣ ಮಾಡಿದರೆ ಅವನು ಬದುಕಿದ. ಬರದಿದ್ದರೆ ಇಲ್ಲ. ಏನು ನಡೆಯಿತು ಎಂದು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಎಷ್ಟು ಜನ ನಿನ್ನ ಜೊತೆ ನಿಲ್ಲುತ್ತಾರೆ ಎಂಬುದೇ ಸತ್ಯ.

"ನೆರಳು ಈ ಬೇರು ದಾಟೋದ್ರೊಳಗೆ ಬನ್ನಿ" ಎಂದ ಗ್ರಿಂ. "ನಿನ್ನೆ ಕೊಂಬು ಕೇಳಿದವರು ಯಾರಾದರೂ ಇದ್ದರೆ ಇದರ ಮೇಲೆ ಕೈಯಿಟ್ಟು ಹೇಳಿ."

ಯಾರೂ ಬರಲಿಲ್ಲ. ಆರು ತಿಂಗಳ ಬಸುರಿ ಟೆಟ್ಟಾ ಒಬ್ಬೊಬ್ಬರ ಮುಖ ನೋಡುತ್ತ ಬಂದಳು. ಬಾರ್ಲಿ ತಿಂದವರೆಲ್ಲ ನೆಲ ನೋಡಿದರು.

"ದಾರಿ ಬಿಟ್ಟು ಯಾಕೆ ಹೋದೆ, ಅದನ್ನಾದರೂ ಹೇಳು" ಎಂದ ಗ್ರಿಂ.

ಬ್ರಿಯೋಕ್ ಬಾಯಿ ಬಿಡಲಿಲ್ಲ. ನನಗಂತೂ ಕೋಪ ಬಂತು. ಹೇಳಬಾರದೇ ಇವನು? ನೆರಳು ಬೇರಿನ ಮೇಲೆ ಹತ್ತಿತ್ತು.

ಆಗ ಲಿಯೋಬಾ ಮೊಣಕಾಲು ಹಿಡಿದುಕೊಂಡು ಎದ್ದಳು. ಬಂದು ನನ್ನ ಮೇಲೆ ಕೈಯಿಟ್ಟಳು. ಕೈ ತಣ್ಣಗಿತ್ತು.

"ಕೊಂಬು ಕೇಳಿದೆಯೇನಮ್ಮ?" ಎಂದ ಗ್ರಿಂ.

"ಇಲ್ಲ. ಅವನು ಊದಲಿಲ್ಲ."

ಟೆಟ್ಟಾ, "ಅಮ್ಮಾ!" ಎಂದು ಚೀರಿದಳು.

"ಸುಮ್ಮನಿರೇ. ನಾನು ಇವನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿದ್ದೆ. ನನಗೂ ಅನುಮಾನ ಇತ್ತಲ್ಲ, ರೊಟ್ಟಿ ಎಲ್ಲಿಗೆ ಹೋಗುತ್ತೆ ಅಂತ. ದಾರಿ ಬಿಟ್ಟು ಇಳಿದೆ. ನಾನೂ ಊದಲಿಲ್ಲ, ನಾನೂ ಕೂಗಲಿಲ್ಲ. ನಾನೂ ಕಳ್ಳಿ. ಬರಕೋ."

"ನಮ್ಮಲ್ಲಿ ಬರೆಯೋಕೆ ಯಾರಿಗೆ ಬರುತ್ತೆ?" ಎಂದಳು ನೇಯ್ಗೆಯವಳೊಬ್ಬಳು.

"ಹಾಗಾದರೆ ನೆನಪಿಟ್ಟುಕೋ. ಮತ್ತೆ ನೀನು, ಗ್ರಿಂ? ಮರದ ಹಿಂದೆ ನಿಂತಿದ್ದೆಯಲ್ಲ, ಆ ಮರ ದಾರಿಯಿಂದ ಎಷ್ಟು ದೂರ?"

ಗ್ರಿಂ ಕಿವಿ ಎಳೆದುಕೊಂಡ. "ನಾನು ಕಳ್ಳನನ್ನ ಹಿಡಿಯೋಕೆ ಹೋಗಿದ್ದೆ."

"ಹಿಡಿಯೋನು ಕೂಗಬಾರದೇನು?"

"ಕೂಗಿದರೆ ಓಡಿಹೋಗ್ತಿದ್ದ."

"ನಾನೂ ಅದಕ್ಕೇ ಕೂಗಲಿಲ್ಲಪ್ಪ."

"ಹಗ್ಗ ಮೂರು ಬೇಕಲ್ಲ ಹಾಗಾದರೆ" ಎಂದಳು ನೇಯ್ಗೆಯವಳು. ಯಾರೋ ನಕ್ಕರು. ಇನ್ನೂ ಒಂದಿಬ್ಬರು ನಕ್ಕರು. ಗ್ರಿಂ ಮಾತ್ರ ನಗಲಿಲ್ಲ.

"ಉತ್ತರ ಕೊಡದ ಕೊಂಬು ಏನು ಅಂತ ನನಗೆ ಗೊತ್ತು, ಲಿಯೋಬಾ" ಎಂದ ಮೆಲ್ಲಗೆ. "ನಿನಗೂ ಗೊತ್ತು. ಅಲ್ಲಿ ನೀನು ಕಂಡದ್ದೇನು, ಹೇಳು."

ಬ್ರಿಯೋಕ್ ಅವತ್ತು ಮೊದಲ ಸಲ ಬಾಯಿ ಬಿಟ್ಟ. "ಅತ್ತೆ, ಬೇಡ."

ಲಿಯೋಬಾ ಅಳಿಯನ ಮುಖ ನೋಡಿದಳು. ಹೇಳಿದರೆ ಕಾಡಿನಲ್ಲಿ ಅಡಗಿದ್ದ ಜೀವಕ್ಕೆ ಅಪಾಯ, ಹೇಳದಿದ್ದರೆ ಇವನಿಗೆ.

"ನನ್ನ ಬೀಗಿತ್ತಿಯನ್ನು ಕಂಡೆ" ಎಂದಳು. "ಇವನ ತಾಯಿ, ಮುಖ ನೋಡಿದರೇ ಗೊತ್ತಾಗುತ್ತೆ. ಮರದ ಪೊಟರೆಯಲ್ಲಿ ಕೂತು ನನ್ನ ರೊಟ್ಟಿ ತಿಂತಿದ್ದಳು. ಬೀಗಿತ್ತಿಯನ್ನು ಕಾಡಲ್ಲಿ ಬಿಟ್ಟು ನಾನು ಒಲೆ ಮುಂದೆ ಕೂತಿದ್ದೀನಿ, ನಾಚಿಕೆ ನನಗಾಗಬೇಕು. ಅವಳು ನಮ್ಮ ಮನೆಯವಳು. ಅವಳ ಹೊಣೆ ನನ್ನದು."

ಹೊಣೆ ಎಂಬ ಮಾತು ನಮ್ಮ ಜನರಲ್ಲಿ ಸಣ್ಣದಲ್ಲ. ಮನೆಯವರು ಹೊಣೆ ನಿಂತ ಮೇಲೆ ಆ ಮನುಷ್ಯನನ್ನು ಯಾರೂ ಮುಟ್ಟುವಂತಿಲ್ಲ. ಆದರೆ ಹೊಣೆ ಹೊತ್ತವರು ಆ ಮನುಷ್ಯನನ್ನು ಊರಿನ ಮುಂದೆ ತಂದು ನಿಲ್ಲಿಸಬೇಕು.

"ಸೂರ್ಯ ಮುಳುಗೋದ್ರೊಳಗೆ ಕರ್ಕೊಂಡು ಬಾ" ಎಂದ ಗ್ರಿಂ. "ಅವಳು ಬಂದರೆ ಇವನು ಕಳ್ಳನಲ್ಲ. ಬರಲಿಲ್ಲ ಅಂದರೆ ಅಲ್ಲಿ ಯಾರೂ ಇಲ್ಲ, ನೀನು ಅಳಿಯನ್ನ ಉಳಿಸೋಕೆ ಸುಳ್ಳು ಹೇಳಿದೆ ಅಂತ. ಇವನು ಇಲ್ಲೇ ಇರಲಿ. ನಾನೂ ಬರ್ತೀನಿ. ಈ ಸಲ ಕೊಂಬು ಊದಿಕೊಂಡೇ ಹೋಗಬೇಕು."

"ಊದಬೇಡಿ" ಎಂದ ಬ್ರಿಯೋಕ್. "ನೀವು ದೋಣಿಯಿಂದ ಇಳಿದ ದಿನ ಕೊಂಬಿನ ಸದ್ದು ಕೇಳಿತು, ನಮ್ಮ ಹಟ್ಟಿ ಸುಟ್ಟುಹೋಯಿತು. ಆ ಸದ್ದು ಕೇಳಿದರೆ ಅವಳು ಓಡ್ತಾಳೆ. ಮತ್ತೆ ಯಾರ ಕೈಗೂ ಸಿಗಲ್ಲ. ಅದಕ್ಕೇ ನಾನು ಊದಲಿಲ್ಲ."

ಆಗ ನನ್ನ ಮೈಯೆಲ್ಲ ಬೆಂಕಿ ತಾಗಿದ ಹಾಗಾಯಿತು. ಅವತ್ತು ಮೊಳಗಿದ್ದು ನಾನೇ ಅಲ್ಲವೇ? ಇಷ್ಟು ವರ್ಷ ಎಲ್ಲರನ್ನೂ ಅನುಮಾನಿಸುತ್ತ ಬಂದೆ, ನನ್ನ ಮೇಲೆ ನನಗೇ ಅನುಮಾನ ಬಂದದ್ದು ಅದೇ ಮೊದಲು.

ಲಿಯೋಬಾ, ಟೆಟ್ಟಾ, ಗ್ರಿಂ ಮೂವರೂ ಕರಿಬಂಡೆಯ ಹತ್ತಿರ ಬಂದರು. ನಾನು ಟೆಟ್ಟಾಳ ಸೊಂಟದಲ್ಲಿದ್ದೆ. ಗ್ರಿಂ ನನ್ನ ಕಡೆ ಬೆರಳು ಮಾಡಿದ. ಟೆಟ್ಟಾ ನನ್ನನ್ನು ಮುಟ್ಟಲಿಲ್ಲ. ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ಕೂಗಿದಳು. ಗಂಡನ ಮಾತಿನಲ್ಲಿ, ತಡವರಿಸುತ್ತ: "ಅಮ್ಮಾ, ಬಾ. ಅಮ್ಮಾ, ರೊಟ್ಟಿ."

"ಇದು ನಮ್ಮ ಮಾತಲ್ಲ" ಎಂದ ಗ್ರಿಂ. "ಇದನ್ನ ಕೂಗು ಅಂತ ಹೇಗೆ ಒಪ್ಪಿಕೊಳ್ಳೋದು?"

"ಕೂಗಬೇಕು ಅಂತ ಕಟ್ಟಳೆ. ಯಾವ ಮಾತಲ್ಲಿ ಅಂತ ಯಾರಾದರೂ ಹೇಳಿದ್ರೇನು?" ಎಂದಳು ಲಿಯೋಬಾ.

ಕಾಡು ಉತ್ತರ ಕೊಡಲಿಲ್ಲ. ಟೆಟ್ಟಾ ಮತ್ತೆ ಕೂಗಿದಳು. ಇಳಿದು ಇಳಿದು ಪೊಟರೆಯ ಮರದವರೆಗೆ ಹೋದರು. ಪೊಟರೆ ಖಾಲಿ. ಜರೀಗಿಡಗಳ ಮೇಲಿನ ಬಿಸಿಲು ಕೆಂಪಾಗುತ್ತಿತ್ತು. ಟೆಟ್ಟಾಳ ಗಂಟಲು ಕಟ್ಟಿ ದನಿಯೇ ಹೊರಡದಾಯಿತು. ಬುಡಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡು ಕೂತಳು. ಗ್ರಿಂ ಈಟಿ ಊರಿ ಪಡುವಣ ದಿಕ್ಕು ನೋಡಿದ.

ಲಿಯೋಬಾ ಮಗಳನ್ನು ನೋಡಿದಳು. ಗಂಟಲು ಸರಿಮಾಡಿಕೊಂಡಳು. ಆ ಮಾತನ್ನು ತಾನೇ ಕೂಗಿದಳು. ಸೌಟು ಎತ್ತಿ ಬೇಡ ಅಂದಿದ್ದ ಅದೇ ಮಾತು. ಬಾಯಿ ಸೊಟ್ಟ ಮಾಡಿ, ಕಹಿ ಕಷಾಯ ನುಂಗುವವಳ ಹಾಗೆ. ಒಂದು ಸಲ ಅಲ್ಲ, ಏಳೆಂಟು ಸಲ.

ಜರೀಗಿಡ ಅಲುಗಾಡಿತು. ಕೋಲು ಮೊದಲು ಬಂತು, ಆಮೇಲೆ ಮುದುಕಿ. ಅವಳು ಕೈನಾ, ಬ್ರಿಯೋಕನ ತಾಯಿ. ಹತ್ತಿರ ಬಂದು ಗ್ರಿಮನನ್ನು ನೋಡಿ ಕೋಲು ಎತ್ತಿದಳು. ಲಿಯೋಬಾಳ ಸುತ್ತ ಒಂದು ಸುತ್ತು ಬಂದಳು, ಮಾರಲು ತಂದ ಹಸುವನ್ನು ನೋಡುವವರ ಹಾಗೆ. ಟೆಟ್ಟಾಳ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಆಮೇಲೆ ಲಿಯೋಬಾಳ ಕಡೆ ತಿರುಗಿ ಏನೋ ಹೇಳಿದಳು.

"ಏನಂತೆ?" ಎಂದಳು ಲಿಯೋಬಾ.

ಟೆಟ್ಟಾ ಹಿಂದೆಮುಂದೆ ನೋಡಿದಳು. "ನಿನ್ನ ರೊಟ್ಟಿಗೆ ಉಪ್ಪು ಸಾಲದಂತೆ."

"ಇಷ್ಟು ದಿನ ಕದ್ದು ತಿಂದು ಈ ಮಾತು ಬೇರೆಯಾ!" ಎಂದು ಲಿಯೋಬಾ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡಳು. "ಬಾರಮ್ಮ, ಬಂದು ನೀನೇ ಕಲಸು ಹಾಗಾದರೆ."

ಕೈನಾಳನ್ನು ಕರೆದುಕೊಂಡು ಓಕ್ ಮರದ ಕೆಳಗೆ ಬಂದಾಗ ಸೂರ್ಯ ಮುಳುಗಲು ಇನ್ನೂ ಒಂದು ಗೇಣು ಇತ್ತು. ಗ್ರಿಂ ತನ್ನ ಕೈಯಿಂದಲೇ ಬ್ರಿಯೋಕನ ಕಟ್ಟು ಬಿಚ್ಚಿದ. ಬಿಚ್ಚುತ್ತ, "ಕುರಿಗಳ ವಿಷಯ ಇನ್ನೂ ಮುಗಿದಿಲ್ಲ" ಎಂದ. ಆ ಕುರಿಗಳು ಸಿಗಲೇ ಇಲ್ಲ. ಗ್ರಿಂ ಸಾಯುವ ತನಕ ಎಲ್ಲರ ಸಾರಿನ ಮಡಕೆಗೂ ಇಣುಕಿ ನೋಡುತ್ತಿದ್ದ. ನನಗೂ ಒಬ್ಬರ ಮೇಲೆ ಅನುಮಾನವಿದೆ. ಬ್ರಿಯೋಕ್ ಅಲ್ಲ. ಹೆಸರು ಹೇಳುವುದಿಲ್ಲ.

ಒಂದೇ ಒಲೆಗೆ ಇಬ್ಬರು ಮುದುಕಿಯರಾದರು. ಒಳ್ಳೆಯ ಸ್ನೇಹ ಬೆಳೆಯಿತು ಎಂದು ನೀವು ಅಂದುಕೊಂಡರೆ ನೀವು ಬೀಗಿತ್ತಿಯರನ್ನು ಕಂಡಿಲ್ಲ. ಲಿಯೋಬಾ ಉಪ್ಪಿನ ಗಡಿಗೆಯನ್ನು ತಲೆದಿಂಬಿನ ಕೆಳಗೆ ಇಟ್ಟು ಮಲಗುತ್ತಿದ್ದಳು. ಕೈನಾ ಲಿಯೋಬಾ ಕೊಟ್ಟ ಹಾಲನ್ನು ಮೊದಲು ಬೆಕ್ಕಿಗೆ ಹಾಕಿ, ಬೆಕ್ಕು ಬದುಕಿದೆಯೇ ಎಂದು ನೋಡಿ ಕುಡಿಯುತ್ತಿದ್ದಳು. ಬೆಕ್ಕು ದಪ್ಪವಾಯಿತು.

ಮಗು ಹುಟ್ಟಿತು, ಹೆಣ್ಣು. ಎಬ್ಬಾ ಎಂದು ಹೆಸರಿಟ್ಟರು. ಟೆಟ್ಟಾಗೆ ಜ್ವರ ಬಂದು ಹಾಲು ಬತ್ತಿತು. ಆಗ ಕೈನಾ ಬಾಗಿಲಲ್ಲಿ ನೇತುಹಾಕಿದ್ದ ನನ್ನನ್ನು ಕೆಳಗಿಳಿಸಿದಳು. ಅವಳ ಕೈ ನನ್ನನ್ನು ಮುಟ್ಟಿದ್ದು ಅದೇ ಮೊದಲು. ಹಿಡಿಯುವಾಗ ಬೆರಳು ಬಿಗಿಯಾದವು, ಬಿಸಾಡುತ್ತಾಳೇನೋ ಅಂದುಕೊಂಡೆ. ಬಿಸಾಡಲಿಲ್ಲ. ಬಿಸಿನೀರಿನಲ್ಲಿ ತೊಳೆದು, ನನ್ನ ತುದಿಗೆ ಮೆತ್ತನೆಯ ಕುರಿತೊಗಲು ಕಟ್ಟಿ, ಹಸುವಿನ ಹಾಲು ಹೊಯ್ದು ಮಗುವಿನ ತುಟಿಗೆ ಹಿಡಿದಳು. ನಾನು ಹೆದರಿದೆ. ನನ್ನಿಂದ ಸದ್ದು ಬಂದುಬಿಟ್ಟರೆ? ಬರಲಿಲ್ಲ. ಮಗು ಚಪ್ಪರಿಸುವ ಸದ್ದು ಮಾತ್ರ ಬಂತು.

ಆ ಚಳಿಗಾಲ ಪೂರ್ತಿ ನಾನು ಇಬ್ಬರ ಮಡಿಲಲ್ಲೂ ಇದ್ದೆ. ಲಿಯೋಬಾ ಕುಡಿಸುವಾಗ ಕಡಲು, ದೋಣಿ, ಮುಳುಗಿದ ದಿಬ್ಬದ ಕಥೆ ಹೇಳುತ್ತಿದ್ದಳು. ಕೈನಾ ಕುಡಿಸುವಾಗ ಹೊಳೆ, ಬೆಟ್ಟದ ನಡುವಿನ ಕಣಿವೆ, ಬಿಲದಲ್ಲಿ ವಾಸಿಸುವ ತರಕರಡಿಯ ಕಥೆ ಹೇಳುತ್ತಿದ್ದಳು. ಇನ್ನೊಬ್ಬಳು ಸುಳ್ಳು ಹೇಳುತ್ತಿದ್ದಾಳೆಂದು ಇಬ್ಬರಿಗೂ ಅನುಮಾನ, ಹಾಗಾಗಿ ಇಬ್ಬರೂ ಹತ್ತಿರವೇ ಕೂತು ಕಿವಿಗೊಟ್ಟು ಕೇಳುತ್ತಿದ್ದರು. ಹಾಗೆ ಕೇಳಿ ಕೇಳಿ ಇಬ್ಬರಿಗೂ ಇಬ್ಬರ ಮಾತೂ ಬಂತು. ಬಂದಿದೆಯೆಂದು ಇಬ್ಬರೂ ಒಪ್ಪಿಕೊಳ್ಳಲಿಲ್ಲ.

ಅವರಿಬ್ಬರೂ ಹೋಗಿ ಬಹಳ ಕಾಲವಾಯಿತು. ಎಬ್ಬಾಳ ಕೂದಲು ನರೆತಿದೆ. ನಾನು ಒಣಗಿ ಬಾಯಿಂದ ತುದಿಯವರೆಗೆ ಸೀಳಿದ್ದೇನೆ. ಹಾಲು ನಿಲ್ಲುವುದಿಲ್ಲ, ಉಸಿರು ನಿಲ್ಲುವುದಿಲ್ಲ. ತೊಲೆಯ ಮೇಲೆ, ಜೇಡರ ಬಲೆಯ ಪಕ್ಕ ಇಟ್ಟಿದ್ದಾರೆ. ನನ್ನ ಅಂಚು ಬೆರಳು ತಾಗಿದರೆ ಪುಡಿಯಾಗುತ್ತದೆ.

ಮೊನ್ನೆ ಪ್ರಯಾಣಿಕನೊಬ್ಬ ಬಾಗಿಲಲ್ಲಿ ನಿಂತು ದಾರಿ ಕೇಳಿದ. ಎಬ್ಬಾ ಹೇಳಿದಳು: ಬೇಲಿ ದಾಟು, ಹುಲ್ಲುಗಾವಲು ಬಳಸು, ಕಣಿವೆಗೆ ಇಳಿ, ಹೊಳೆ ಸಿಗುತ್ತದೆ. ಬೇಲಿ, ಹುಲ್ಲುಗಾವಲು ಎಂಬ ಮಾತುಗಳು ಲಿಯೋಬಾಳವು. ಕಣಿವೆ ಕೈನಾಳದು, ಹೊಳೆಯ ಹೆಸರೂ ಕೈನಾಳದು. ಒಂದೇ ಉಸಿರಿನಲ್ಲಿ ಇಬ್ಬರು ಮುದುಕಿಯರೂ ಅವಳ ಬಾಯಿಂದ ಹೊರಟು ಬಂದರು, ಅವಳಿಗೆ ಗೊತ್ತಾಗಲಿಲ್ಲ. ನೀವು ಪುಸ್ತಕ ಹಿಡಿದು ಕಲಿಯುವ ಇಂಗ್ಲಿಷು ಹೀಗೇ ಯಾವುದೋ ಒಲೆಗಳ ಮುಂದೆ ಶುರುವಾದದ್ದು. ಆಗ ಅದಕ್ಕೆ ಪುಸ್ತಕವಿರಲಿಲ್ಲ.

"ನೀವು ಯಾವ ಕಡೆಯವರು ತಾಯಿ? ದೋಣಿಯಲ್ಲಿ ಬಂದವರಾ, ಮೊದಲಿನವರಾ?" ಎಂದು ಕೇಳಿದ ಅವನು.

ಎಬ್ಬಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇದನ್ನೆಲ್ಲ ಕೇಳಲು ಇವನ್ಯಾರು ಎಂಬ ಹಾಗೆ.

"ನಾವು ಯಾವತ್ತೂ ಇಲ್ಲಿಯವರೇ ಕಣಯ್ಯ. ಎಲ್ಲಿಂದಲೂ ಬಂದಿಲ್ಲ" ಎಂದಳು.

ಅದು ಅರ್ಧ ಸುಳ್ಳು. ಯಾವ ಅರ್ಧ ಎಂದು ಅವಳಿಗೆ ಗೊತ್ತಿಲ್ಲ. ಗೊತ್ತಿರುವುದು ಈ ತೊಲೆಯ ಮೇಲಿರುವ ನನಗೆ ಮಾತ್ರ, ನಾನು ಪುಡಿಯಾದ ಮೇಲೆ ಯಾರಿಗೂ ಗೊತ್ತಿರುವುದಿಲ್ಲ.